ಹಾಸ್ಟೆಲ್ ಮೆಸ್ಸಿನಲ್ಲಿ ವೀಗನ್ ಊಟ: ಮಲೆನಾಡಿನ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಪ್ರತಿ ವರ್ಷ ಮುಂಗಾರು ಹಿಡಿದು ಕಾಲೇಜುಗಳು ಶುರುವಾಗುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆಬೇರೆ ರೂಪದಲ್ಲಿ ನನ್ನ ಬಳಿಗೆ ಬರುತ್ತದೆ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲೋ, ನವುಲೆಯ ಕಾಲೇಜಿನಲ್ಲೋ, ಶಿವಮೊಗ್ಗ ಪೇಟೆಯ ಒಂದು ಬಾಡಿಗೆ ಕೋಣೆಯಲ್ಲೋ ಇದ್ದುಕೊಂಡು ಓದುತ್ತಿರುವವರು, ಮಾಂಸ-ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪಗಳನ್ನೂ ಬಿಟ್ಟು ಮೆಸ್ಸಿನ ಊಟದಲ್ಲಿ ಆರೋಗ್ಯವಾಗಿ ಬದುಕಲು ಸಾಧ್ಯವೇ ಎಂದು ಕೇಳುತ್ತಾರೆ. ಸಾಧ್ಯವಿದೆ. ಆದರೆ ಅದಕ್ಕೆ ಸ್ವಲ್ಪ ಪೂರ್ವಸಿದ್ಧತೆ ಬೇಕು. ಸಿದ್ಧತೆಯಿಲ್ಲದೆ ಹೊರಟವರಲ್ಲಿ ಹೆಚ್ಚಿನವರು ಮೂರನೆಯ ವಾರಕ್ಕೆ ಬರೀ ಅನ್ನ-ಉಪ್ಪಿನಕಾಯಿಗೆ ಇಳಿದು, ಸುಸ್ತಾಗಿ, ಕೈಬಿಡುವುದನ್ನು ನಾನು ಕಂಡಿದ್ದೇನೆ.

‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಪ್ರಾಣಿಗಳಿಂದ ಬಂದ ಯಾವುದನ್ನೂ, ಎಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಮತ್ತು ಹಾಲಿನಿಂದಾದ ಎಲ್ಲವನ್ನೂ, ಜೇನುತುಪ್ಪವನ್ನೂ ತಿನ್ನದಿರುವುದು ಅದರ ಅರ್ಥ. ನಮ್ಮಲ್ಲಿ ಸಸ್ಯಾಹಾರವೆಂದರೆ ಹಾಲು-ಮೊಸರು ಸೇರಿಯೇ ಇರುತ್ತದೆಯಾದ್ದರಿಂದ ಕನ್ನಡದಲ್ಲಿ ಇದಕ್ಕೆ ರೂಢಿಯ ಪದವೊಂದು ಇನ್ನೂ ನೆಲೆಗೊಂಡಿಲ್ಲ. ಆದ್ದರಿಂದ ಈ ಲೇಖನದಲ್ಲಿ ‘ವೀಗನ್’ ಎಂದೇ ಬಳಸಿದ್ದೇನೆ.

ಆರಂಭಿಸುವ ಮುನ್ನ ನಿಮ್ಮ ಬಳಿ ಇರಬೇಕಾದದ್ದು ಇಷ್ಟೇ: ಗಾಳಿಯಾಡದ ಮೂರು ನಾಲ್ಕು ಡಬ್ಬಿಗಳು, ಕಾಳು ನೆನೆಸಲು ಒಂದು ಪಾತ್ರೆ, ಒಂದು ತೆಳು ಹತ್ತಿ ಬಟ್ಟೆ, ಬಿಸಿನೀರು ಸಿಗುವ ಒಂದು ಜಾಗ, ಒಂದು ಚಿಕ್ಕ ಪುಸ್ತಕ. ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಳ್ಳಲು ಅನೇಕ ಹಾಸ್ಟೆಲ್‌ಗಳಲ್ಲಿ ಅನುಮತಿ ಇರುವುದಿಲ್ಲ. ವಾರ್ಡನ್ ಅವರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

1. ಮೊದಲ ವಾರ ಏನನ್ನೂ ಬಿಡಬೇಡಿ, ಬರೆದುಕೊಳ್ಳಿ

ಒಂದು ವಾರ ಮೆಸ್ಸಿನಲ್ಲಿ ಏನೇನು ಬಡಿಸುತ್ತಾರೆ ಎಂಬುದನ್ನು ಹೊತ್ತುಹೊತ್ತಿಗೆ ಬರೆಯಿರಿ. ಹಾಸ್ಟೆಲ್ ಊಟದ ಪಟ್ಟಿ ವಾರದಿಂದ ವಾರಕ್ಕೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಈ ಒಂದು ವಾರದ ಬರವಣಿಗೆ ಇಡೀ ಸೆಮಿಸ್ಟರ್‌ಗೆ ಸಾಕಾಗುತ್ತದೆ. ಯಾವ ದಿನ ನಿಮಗೆ ತಿನ್ನಲು ಏನೂ ಇರುವುದಿಲ್ಲ ಎಂಬುದು ಆ ಪುಟಗಳಲ್ಲಿ ತಾನಾಗಿ ಕಾಣುತ್ತದೆ. ಸಾಮಾನ್ಯವಾಗಿ ಅದು ಭಾನುವಾರ ಮಧ್ಯಾಹ್ನ ಅಥವಾ ಹಬ್ಬದೂಟದ ದಿನ: ತುಪ್ಪದ ಪಲಾವು, ಮೊಸರು ಬಜ್ಜಿ, ಹಾಲಿನ ಪಾಯಸ. ಕೋಣೆಯಲ್ಲಿ ಕೂಡಿಟ್ಟುಕೊಳ್ಳುವ ಸಾಮಾನು ಆ ದಿನಗಳಿಗಾಗಿ.

2. ಅಡಗಿರುವ ಹಾಲನ್ನು ಗುರುತಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಲೋಟದ ಹಾಲನ್ನೂ ಬಟ್ಟಲಿನ ಮೊಸರನ್ನೂ ಬಿಡುವುದು ಸುಲಭ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ಕಷ್ಟವಿರುವುದು ಒಗ್ಗರಣೆಯ ತುಪ್ಪದಲ್ಲಿ, ಹಿಟ್ಟಿಗೆ ಹುಯ್ದ ಮಜ್ಜಿಗೆಯಲ್ಲಿ, ಬಿಸ್ಕತ್ತಿನೊಳಗಿನ ಹಾಲಿನ ಪುಡಿಯಲ್ಲಿ.

ನಿಶ್ಚಿಂತೆಯಿಂದ ತಿನ್ನಬಹುದಾದವು ಇವು: ಇಡ್ಲಿ, ಉದ್ದಿನ ವಡೆ, ನೀರುದೋಸೆ, ಕಡುಬು, ಎಣ್ಣೆಯಲ್ಲಿ ಮಾಡಿದ ಚಿತ್ರಾನ್ನ ಮತ್ತು ಪುಳಿಯೋಗರೆ, ಅವಲಕ್ಕಿ, ಮಂಡಕ್ಕಿ, ಅಕ್ಕಿರೊಟ್ಟಿ, ರಾಗಿಮುದ್ದೆ, ತೆಂಗಿನಕಾಯಿ ಚಟ್ನಿ, ಕೋಸಂಬರಿ, ಉಸಲಿ, ಬಹುಪಾಲು ಹುಳಿ ಮತ್ತು ಪಲ್ಯಗಳು. ಚಟ್ನಿಯ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಕೆಲವು ಕಡೆ ಹುಳಿಗಾಗಿ ಹುಣಸೆಹಣ್ಣಿನ ಬದಲು ಮೊಸರು ಸೇರಿಸುತ್ತಾರೆ.

ಕೇಳಿಯೇ ತಿನ್ನಬೇಕಾದವು: ಸಾರು (ಒಗ್ಗರಣೆ ತುಪ್ಪದ್ದೇ?), ಉಪ್ಪಿಟ್ಟು, ಪಲಾವು, ವಾಂಗೀಬಾತು, ಬಿಸಿಬೇಳೆಬಾತು, ಚಪಾತಿ (ಹಿಟ್ಟನ್ನು ಹಾಲಿನಲ್ಲಿ ಕಲಸಿದ್ದಾರೆಯೇ, ಮೇಲೆ ತುಪ್ಪ ಸವರಿದ್ದಾರೆಯೇ?), ಸೆಟ್ ದೋಸೆ. ರವೆ ಇಡ್ಲಿ, ಮಂಗಳೂರು ಬಜ್ಜಿ, ಬನ್ಸ್ ಇವುಗಳ ಹಿಟ್ಟಿನಲ್ಲಿ ಮೊಸರು ಅಥವಾ ಮಜ್ಜಿಗೆ ಇರುವುದೇ ವಾಡಿಕೆ. ರವೆ ದೋಸೆಯಲ್ಲಿಯೂ ಹಲವು ಕಡೆ ಇರುತ್ತದೆ. ಪೊಂಗಲ್ ಮತ್ತು ಕೇಸರಿಬಾತನ್ನು ಬಿಟ್ಟುಬಿಡಿ. ಮಲೆನಾಡಿನ ಹೆಮ್ಮೆಯಾದ ತಂಬುಳಿ ಮಜ್ಜಿಗೆಯ ಅಡುಗೆ, ಮಜ್ಜಿಗೆಹುಳಿಯಂತೂ ಹೆಸರಿನಲ್ಲಿಯೇ ಹೇಳುತ್ತದೆ. ಆದರೆ ಮಾವಿನಕಾಯಿಯ ಅಪ್ಪೆಹುಳಿಯಲ್ಲಿ ಮಜ್ಜಿಗೆಯಿಲ್ಲ. ಬೇಸಿಗೆಯಲ್ಲಿ ಮಜ್ಜಿಗೆ ಕುಡಿದು ರೂಢಿಯಾದ ನಾಲಗೆಗೆ ಅದರಷ್ಟು ಸಮಾಧಾನ ಕೊಡುವುದು ಬೇರೊಂದಿಲ್ಲ ಎಂದು ನಾನು ನಂಬುತ್ತೇನೆ.

ದೋಸೆಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದೋಸೆಯ ಹಿಟ್ಟು ಅಕ್ಕಿ ಮತ್ತು ಉದ್ದಿನದು, ಅದರಲ್ಲಿ ತೊಂದರೆಯಿಲ್ಲ. ಕಾವಲಿಯ ಮುಂದೆ ನಿಂತು ನೋಡಿ: ಹಿಟ್ಟು ಹರಡಿ, ಅದರ ಮೈಯಲ್ಲಿ ಸಣ್ಣ ಸಣ್ಣ ಕಣ್ಣುಗಳು ಮೂಡಿ, ಅಂಚು ಕಂದುಬಣ್ಣಕ್ಕೆ ತಿರುಗಿ ಕಾವಲಿಯಿಂದ ಏಳುವ ಆ ಕ್ಷಣದಲ್ಲಿ ಭಟ್ಟರ ಕೈ ಅಭ್ಯಾಸಬಲದಿಂದ ತುಪ್ಪದ ಸೌಟಿಗೆ ಹೋಗುತ್ತದೆ. ಆರ್ಡರ್ ಕೊಡುವಾಗ ಹೇಳಿದ್ದು ಆ ಹೊತ್ತಿಗೆ ಮರೆತುಹೋಗಿರುತ್ತದೆ. ಅದು ಅವರ ತಪ್ಪಲ್ಲ. ನೂರಾರು ದೋಸೆ ಹುಯ್ಯುವ ಕೈ ಅದು. ಆದ್ದರಿಂದ ಸಾಧ್ಯವಾದಲ್ಲಿ ಹಿಟ್ಟು ಕಾವಲಿಗೆ ಬೀಳುವಾಗ ಎದುರಿಗೆ ನಿಂತು, ‘ಭಟ್ರೇ, ಇದಕ್ಕೆ ಎಣ್ಣೆ ಮಾತ್ರ’ ಎಂದು ಇನ್ನೊಮ್ಮೆ ಹೇಳಿ.

3. ಮೆಸ್ಸಿನವರ ಹತ್ತಿರ ಮಾತನಾಡುವ ಕ್ರಮ

‘ನಾನು ವೀಗನ್’ ಎಂದು ಹೇಳಿದರೆ ಅಡುಗೆಮನೆಯಲ್ಲಿ ಯಾರಿಗೂ ಏನೂ ಹೇಳಿದಂತಾಗುವುದಿಲ್ಲ. ‘ವೆಜ್’ ಎಂದು ಕೇಳಿಸಿಕೊಂಡು ತುಪ್ಪ ಸುರಿದ ಅನ್ನವನ್ನೇ ಪ್ರೀತಿಯಿಂದ ಬಡಿಸುತ್ತಾರೆ. ‘ನನಗೆ ಅಲರ್ಜಿ’ ಎಂದು ಸುಳ್ಳು ಹೇಳುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಒಂದು ದಿನ ನಿಜವಾಗಿ ಅಲರ್ಜಿಯಿರುವ ಹುಡುಗನೊಬ್ಬ ಬಂದಾಗ ಅವನ ಮಾತಿಗೂ ಬೆಲೆಯಿಲ್ಲದಂತಾಗುತ್ತದೆ. ಇದ್ದದ್ದನ್ನು ಇದ್ದಂತೆ, ಪದಾರ್ಥಗಳ ಹೆಸರು ಹಿಡಿದು ಹೇಳಿ: ‘ಅಣ್ಣಾ, ನಾನು ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದನ್ನೂ ತಿನ್ನುವುದಿಲ್ಲ. ಇವತ್ತಿನ ಅಡುಗೆಯಲ್ಲಿ ಅವು ಇಲ್ಲದ್ದು ಯಾವುದು?’

ಈ ಪ್ರಶ್ನೆಯನ್ನು ಊಟದ ಸಾಲಿನಲ್ಲಿ, ಹಿಂದೆ ಐವತ್ತು ಮಂದಿ ತಟ್ಟೆ ಹಿಡಿದು ನಿಂತಿರುವಾಗ ಕೇಳಬೇಡಿ. ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು, ಅಡುಗೆಯವರು ಒಂದು ಗಳಿಗೆ ಕೂತಿರುವ ಮೂರು-ಮೂರೂವರೆಯ ಹೊತ್ತಿಗೆ ಹೋಗಿ. ನೀವು ಕೇಳಬೇಕಾದ ಬದಲಾವಣೆಗಳು ಎರಡೇ. ಮೊದಲನೆಯದು, ಸಾರಿನ ಒಗ್ಗರಣೆಯನ್ನು ಎಣ್ಣೆಯಲ್ಲಿ ಮಾಡುವುದು, ಅಥವಾ ತುಪ್ಪದ ಒಗ್ಗರಣೆ ಬೀಳುವ ಮುಂಚೆಯೇ ನಿಮಗಾಗಿ ಒಂದು ಬಟ್ಟಲು ಎತ್ತಿಡುವುದು. ಎರಡನೆಯದು, ಚಪಾತಿಗೆ ತುಪ್ಪ ಸವರುವ ಮೊದಲು ನಿಮ್ಮ ಪಾಲನ್ನು ಬೇರೆ ಇಡುವುದು. ಇದಕ್ಕಿಂತ ಹೆಚ್ಚನ್ನು ಮೊದಲ ತಿಂಗಳು ಕೇಳದಿರುವುದು ಒಳ್ಳೆಯದು. ನಿಮ್ಮಂತೆಯೇ ನಾಲ್ಕೈದು ಮಂದಿ ಇದ್ದರೆ ಮೆಸ್ ಕಮಿಟಿಯ ಮುಂದೆ ಲಿಖಿತವಾಗಿ ಕೊಡಿ. ‘ವಾರಕ್ಕೆ ಎರಡು ದಿನ ಮೊಸರಿನ ಬದಲು ಉಸಲಿ’ ಎಂಬಂತಹ ಖಚಿತವಾದ, ಖರ್ಚು ಹೆಚ್ಚದ ಬೇಡಿಕೆ ಬೇಗ ಒಪ್ಪಿಗೆಯಾಗುತ್ತದೆ. ಖರ್ಚನ್ನು ಎಲ್ಲರಿಗೂ ಸಮನಾಗಿ ಹಂಚುವ ಡಿವೈಡಿಂಗ್ ಪದ್ಧತಿಯ ಮೆಸ್ ಆಗಿದ್ದರೆ, ನೀವು ಮುಟ್ಟದ ಹಾಲು-ಮೊಸರಿನ ಪಾಲಿಗೆ ಬಾಳೆಹಣ್ಣನ್ನೋ ಕಾಳನ್ನೋ ಕೇಳುವುದು ನ್ಯಾಯವಾಗಿಯೇ ಇದೆ.

4. ತಟ್ಟೆಯಲ್ಲಿ ಏನಿರಬೇಕು

ಹಾಲು-ಮೊಸರನ್ನು ತೆಗೆದ ಮೇಲೆ ಆ ಜಾಗ ಖಾಲಿ ಉಳಿಯಬಾರದು. ಪ್ರೋಟೀನ್, ಸುಣ್ಣದ ಅಂಶ ಅಂದರೆ ಕ್ಯಾಲ್ಸಿಯಂ, ಮತ್ತು ಕಬ್ಬಿಣದ ಅಂಶ, ಈ ಮೂರಕ್ಕೂ ಲೆಕ್ಕವಿರಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವವರಿಗೆ ಅದು ಸುಮಾರು 46 ಗ್ರಾಂ. ಬೇಳೆಕಾಳುಗಳಲ್ಲಿ, ಅವು ಒಣಗಿರುವಾಗಿನ ತೂಕದ ಲೆಕ್ಕದಲ್ಲಿ, ನೂರು ಗ್ರಾಂಗೆ ಸುಮಾರು 20ರಿಂದ 24 ಗ್ರಾಂ, ಕಡಲೆಬೀಜ ಎಂದರೆ ಶೇಂಗಾದಲ್ಲಿ ಸುಮಾರು 25 ಗ್ರಾಂ, ಸೋಯಾ ಚಂಕ್ಸ್‌ನಲ್ಲಿ ಸುಮಾರು 50 ಗ್ರಾಂ, ಅಕ್ಕಿಯಲ್ಲಿ 7-8 ಗ್ರಾಂ ಪ್ರೋಟೀನ್ ಇರುತ್ತದೆ. ಎರಡು ಹೊತ್ತು ಅನ್ನ, ಗಟ್ಟಿಯಾಗಿ ಬೇಳೆಯಿರುವ ಹುಳಿ, ಬೆಳಿಗ್ಗೆ ಇಡ್ಲಿ, ಇವುಗಳ ಮೇಲೆ ಒಂದು ಹಿಡಿ ಕಡಲೆಬೀಜ ಮತ್ತು ಒಂದು ಬಟ್ಟಲು ಕಾಳಿನ ಉಸಲಿ ಸೇರಿದರೆ ಈ ಪ್ರಮಾಣ ತುಂಬುತ್ತದೆ. ತುಂಬದಿರಲು ಕಾರಣವಾಗುವುದು ಮೆಸ್ಸಿನ ತಿಳಿಸಾರು. ಅದರಲ್ಲಿ ಬೇಳೆಗಿಂತ ನೀರೇ ಹೆಚ್ಚು. ಬಡಿಸುವಾಗ ತಳದಿಂದ ಸೌಟು ಹಾಕಿ ಕೊಡಲು ಕೇಳಿ. ಮಲೆನಾಡಿನಲ್ಲಿ ಹುರುಳಿಕಾಳನ್ನು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಉಳಿದ ಕಾಳನ್ನು ಪಲ್ಯ ಮಾಡುತ್ತಾರೆ. ಆ ದಿನ ಸಾರಿನಲ್ಲಿಯೇ ನಿಲ್ಲದೆ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಳ್ಳಿ, ಏಕೆಂದರೆ ಪ್ರೋಟೀನಿನ ಬಹುಪಾಲು ಉಳಿದಿರುವುದು ಕಾಳಿನಲ್ಲಿ.

ಕ್ಯಾಲ್ಸಿಯಂ ದಿನಕ್ಕೆ 1,000 ಮಿಲಿಗ್ರಾಂ ಬೇಕು. ಹಾಲು ಬಿಟ್ಟವರಿಗೆ ನಮ್ಮ ನಾಡಿನಲ್ಲಿ ರಾಗಿಯಷ್ಟು ದೊಡ್ಡ ಆಸರೆ ಬೇರೆಯಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಇದೆ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರ ಮಿಲಿಗ್ರಾಂ ದಾಟುತ್ತದೆ. ದಿನಕ್ಕೊಂದು ದೊಡ್ಡ ಚಮಚ ಎಳ್ಳು ಅಥವಾ ಒಂದೆರಡು ಎಳ್ಳುಂಡೆ ತಿನ್ನುವ ರೂಢಿ ಮಾಡಿಕೊಳ್ಳಿ. ಸೊಪ್ಪುಗಳಲ್ಲಿ ನುಗ್ಗೆಸೊಪ್ಪು ಉತ್ತಮ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶವು ಅದನ್ನು ದೇಹಕ್ಕೆ ದಕ್ಕಗೊಡುವುದಿಲ್ಲ.

ಕಬ್ಬಿಣದ ಅಂಶ ಇದೇ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸರಿಗೆ 29 ಮಿಲಿಗ್ರಾಂ. ಕಾಳು, ಸೊಪ್ಪು, ಎಳ್ಳುಗಳಿಂದ ಬರುವ ಕಬ್ಬಿಣ ಹುಳಿಹಣ್ಣಿನ ಜೊತೆಗೆ ಚೆನ್ನಾಗಿ ಹಿಡಿಯುತ್ತದೆ, ಚಹಾ-ಕಾಫಿಯ ಜೊತೆಗೆ ಹಿಡಿಯುವುದಿಲ್ಲ. ಆದ್ದರಿಂದ ಉಸಲಿಗೆ ನಿಂಬೆಹಣ್ಣು ಹಿಂಡಿ, ಚಹಾವನ್ನು ಊಟಕ್ಕಿಂತ ಒಂದು ಗಂಟೆ ಆಚೆಗೆ ತಳ್ಳಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ವಿದ್ಯಾರ್ಥಿನಿಯರು ಆರಂಭದಲ್ಲಿಯೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು.

5. ಬಿ12: ಇದನ್ನು ಮಾತ್ರ ಮುಂದೂಡಬೇಡಿ

ವಿಟಮಿನ್ ಬಿ12 ರಕ್ತದ ಕಣಗಳಿಗೂ ನರಗಳಿಗೂ ಅತ್ಯಗತ್ಯ. ದಿನಕ್ಕೆ ಬೇಕಾಗುವುದು ಎರಡು-ಎರಡೂವರೆ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗದಷ್ಟು ಮಾತ್ರ. ಆದರೆ ಇದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು, ಗಿಡಗಳಲ್ಲ. ನಾವು ತಿನ್ನುವ ಯಾವ ಧಾನ್ಯ, ಕಾಳು, ಸೊಪ್ಪು, ಹಣ್ಣಿನಲ್ಲಿಯೂ ಅದು ನಂಬಿಕೊಳ್ಳುವಷ್ಟು ಇಲ್ಲ. ಹುದುಗಿದ ದೋಸೆಹಿಟ್ಟಿನಲ್ಲಿದೆ, ತಂಗಳನ್ನದಲ್ಲಿದೆ, ಸ್ಪಿರುಲಿನಾ ಪುಡಿಯಲ್ಲಿದೆ ಎಂಬ ಮಾತುಗಳನ್ನು ಕೇಳುತ್ತೀರಿ. ಯಾವುದನ್ನೂ ನಂಬಿ ಕೂರಬೇಡಿ. ಸ್ಪಿರುಲಿನಾದಲ್ಲಿರುವುದು ಹೆಚ್ಚಾಗಿ ಅದನ್ನೇ ಹೋಲುವ, ಆದರೆ ನಮ್ಮ ದೇಹಕ್ಕೆ ಉಪಯೋಗವಿಲ್ಲದ ರೂಪ.

ಇದರ ಅಪಾಯವಿರುವುದು ನಿಧಾನದಲ್ಲಿ. ಯಕೃತ್ತಿನಲ್ಲಿ ಹಳೆಯ ದಾಸ್ತಾನು ಇರುವವರೆಗೆ, ಕೆಲವರಲ್ಲಿ ಒಂದೆರಡು ವರ್ಷಗಳವರೆಗೂ, ಏನೂ ಗೊತ್ತಾಗುವುದಿಲ್ಲ. ಆಮೇಲೆ ಸುಸ್ತು, ನಾಲಗೆ ಉರಿ, ಬಾಯಿಹುಣ್ಣು, ಮರೆವು, ಕೈಕಾಲುಗಳಲ್ಲಿ ಜೋಮು ಕಾಣಿಸಿಕೊಳ್ಳುತ್ತವೆ. ನಾನೂ ಎರಡು ವರ್ಷ ಇದನ್ನು ಅಲಕ್ಷಿಸಿದ್ದೆ. ಪರೀಕ್ಷೆಗೆ ಓದುತ್ತಾ ಕೂತಾಗ ಅಂಗಾಲಿನಲ್ಲಿ ಇರುವೆ ಹರಿದಂತಾಗುವುದನ್ನು ಚಳಿಯಿಂದಲೇ ಇರಬೇಕು ಎಂದುಕೊಂಡಿದ್ದೆ. ರಕ್ತಪರೀಕ್ಷೆ ಮಾಡಿಸಿದ ಮೇಲೆ ಕಾರಣ ತಿಳಿಯಿತು. ಬಹಳ ಕಾಲ ಹಾಗೆಯೇ ಬಿಟ್ಟರೆ ನರಗಳಿಗಾದ ಹಾನಿ ಪೂರ್ತಿ ವಾಸಿಯಾಗದೆಯೂ ಉಳಿಯಬಹುದು.

ಪರಿಹಾರ ಬಹಳ ಸರಳ: ಮಾತ್ರೆ. ಬ್ರಿಟನ್ನಿನ ವೀಗನ್ ಸೊಸೈಟಿ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ ಕನಿಷ್ಠ 2,000 ಮೈಕ್ರೋಗ್ರಾಂ ಬಿ12 ಇರುವ ಮಾತ್ರೆಯನ್ನು ಸೂಚಿಸುತ್ತದೆ. ಅಂಗಡಿಯಲ್ಲಿ ‘ಬಿ ಕಾಂಪ್ಲೆಕ್ಸ್’ ಎಂದು ಕೇಳಿ ಕೈಗೆ ಬಂದದ್ದನ್ನು ನುಂಗಬೇಡಿ. ಹಾಳೆಯ ಹಿಂಬದಿಯಲ್ಲಿ ಸಯನೊಕೊಬಾಲಮಿನ್ ಅಥವಾ ಮೀಥೈಲ್‌ಕೊಬಾಲಮಿನ್ ಎಂಬ ಹೆಸರಿನ ಎದುರು ಎಷ್ಟು ಮೈಕ್ರೋಗ್ರಾಂ ಇದೆ ಎಂದು ನೋಡಿ. ಫೋಲಿಕ್ ಆಮ್ಲವನ್ನು ಮಾತ್ರ ತೆಗೆದುಕೊಂಡರೆ ರಕ್ತಹೀನತೆ ಮರೆಯಾಗಿ, ನರದ ಹಾನಿ ಮುಂದುವರಿಯುತ್ತದೆ ಎಂಬುದು ತಿಳಿದಿರಲಿ. ಆರಂಭದಲ್ಲೊಮ್ಮೆ, ಬಳಿಕ ವರ್ಷಕ್ಕೊಮ್ಮೆ ರಕ್ತದಲ್ಲಿ ಬಿ12 ಪರೀಕ್ಷಿಸಿಕೊಂಡು, ಮಾತ್ರೆಯ ಪ್ರಮಾಣವನ್ನು ವೈದ್ಯರೊಂದಿಗೆ ಮಾತನಾಡಿ ನಿರ್ಧರಿಸಿ. ಈಗಾಗಲೇ ಜೋಮು ಇದ್ದರೆ ಮಾತ್ರೆಯನ್ನು ನೀವೇ ಆರಿಸಿಕೊಳ್ಳದೆ ನೇರವಾಗಿ ವೈದ್ಯರ ಬಳಿ ಹೋಗಿ.

ಇದರ ಜೊತೆಗೆ ಮಲೆನಾಡಿನವರು ಗಮನಿಸಬೇಕಾದ ಇನ್ನೊಂದು ವಿಷಯ ವಿಟಮಿನ್ ಡಿ. ಅದು ಮುಖ್ಯವಾಗಿ ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಎಂಬುದು ನಿಮಗೇ ಗೊತ್ತು. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ಹೊರಗೆ ಓಡಾಡಿ. ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ, ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ ಮತ್ತು ಮೆತ್ತನೆಯ ಕ್ಯಾಪ್ಸೂಲುಗಳ ಹೊದಿಕೆ ಹೆಚ್ಚಾಗಿ ಪ್ರಾಣಿಜನ್ಯ ಜೆಲಟಿನ್ ಎಂಬುದನ್ನು ತಿಳಿಸಿ, ಸಸ್ಯಮೂಲದ ಬದಲಿಯನ್ನು ಕೇಳಿ.

6. ಕೋಣೆಯ ಡಬ್ಬಿಗಳು

ಗಾಂಧಿಬಜಾರಿನ ದಿನಸಿ ಅಂಗಡಿಗಳಿಗೆ ತಿಂಗಳಿಗೊಮ್ಮೆ ಹೋಗಿಬಂದರೆ ಸಾಕು. ಹುರಿದ ಕಡಲೆಬೀಜ, ಹುರಿಗಡಲೆ, ಎಳ್ಳು, ಬೆಲ್ಲ, ಹೆಸರುಕಾಳು, ದಪ್ಪ ಅವಲಕ್ಕಿ, ರಾಗಿ ಹುರಿಹಿಟ್ಟು ಇರಲಿ. ರಾಗಿಯನ್ನು ಅರಳಿನಂತೆ ಹುರಿದು ಬೀಸಿದ ಈ ಹುರಿಹಿಟ್ಟಿಗೆ ಒಲೆ ಬೇಕಿಲ್ಲ. ಮೂರು ಚಮಚ ಹಿಟ್ಟಿಗೆ ಪುಡಿಮಾಡಿದ ಬೆಲ್ಲ, ಸಿಕ್ಕಿದರೆ ತೆಂಗಿನತುರಿ, ಬಿಸಿನೀರು ಬೆರೆಸಿ ಉಂಡೆ ಕಟ್ಟಿದರೆ ತಿಂಡಿ ತಪ್ಪಿದ ಬೆಳಿಗ್ಗೆಗೆ ಅದೇ ತಿಂಡಿ.

ಮೊಳಕೆಕಾಳು ಮಾಡುವ ಕ್ರಮ: ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಬೇಸಿಗೆಯಲ್ಲಿ ಮರುದಿನಕ್ಕೆ ಬಿಳಿ ಬಾಲ ಬಂದಿರುತ್ತದೆ. ಮಳೆಗಾಲದಲ್ಲಿ ಹಾಗಲ್ಲ. ಎರಡು ದಿನವಾದರೂ ಮೊಳಕೆ ಮೂಗು ಮಾತ್ರ ತೋರಿಸಿರುತ್ತದೆ, ಗಂಟಿನ ನಡುವಿನ ಕಾಳು ಲೋಳೆಗಟ್ಟುತ್ತದೆ. ದಿನಕ್ಕೆ ಎರಡು ಸಲ ಬಿಚ್ಚಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಗಂಟನ್ನು ಸಡಿಲವಾಗಿ ಕಟ್ಟಿ. ಬೆರಳಿಗೆ ಜಾರುವಂತಾಗಿ ಹುಳಿವಾಸನೆ ಬಂದರೆ ಮುಲಾಜಿಲ್ಲದೆ ಎಸೆಯಿರಿ. ತಿನ್ನುವ ಮುನ್ನ ಮೆಸ್ಸಿನಲ್ಲಿ ಐದು ನಿಮಿಷ ಬೇಯಿಸಿಕೊಳ್ಳುವುದು ಮಳೆಗಾಲದಲ್ಲಿ ಕ್ಷೇಮ. ಕಡಲೆಬೀಜವನ್ನೂ ಈ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪವೇ ತನ್ನಿ, ತೇವಕ್ಕೆ ಬೂಷ್ಟು ಹಿಡಿದ ಬೀಜ ಅಪಾಯಕಾರಿ.

7. ಪೇಟೆಯ ತಿಂಡಿ ಮತ್ತು ಪೊಟ್ಟಣದ ಬರಹ

ಪೊಟ್ಟಣದ ಮೇಲಿನ ಹಸಿರು ಚುಕ್ಕೆ ವೀಗನ್ ಗುರುತಲ್ಲ. ಹಾಲಿರುವ ಪದಾರ್ಥಕ್ಕೂ ಹಸಿರು ಚುಕ್ಕೆಯೇ ಇರುತ್ತದೆ. ವೀಗನ್ ಆಹಾರಕ್ಕಾಗಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಿದೆ, ಅದರ ಗುರುತು ಹಸಿರು ಚೌಕದೊಳಗೆ ಎಲೆಯೊಂದಿಗೆ ಇರುವ ‘ವಿ’ ಅಕ್ಷರ. ಆದರೆ ನಮ್ಮ ಪೇಟೆಯ ಅಂಗಡಿಗಳಲ್ಲಿ ಆ ಗುರುತಿರುವ ಪೊಟ್ಟಣ ಅಪರೂಪ. ಆದ್ದರಿಂದ ಪದಾರ್ಥಗಳ ಪಟ್ಟಿಯ ಕೊನೆಯಲ್ಲಿರುವ ಅಲರ್ಜಿ ಸೂಚನೆಯನ್ನು ಮೊದಲು ಓದಿ. ‘ಹಾಲು ಒಳಗೊಂಡಿದೆ’ ಎಂಬರ್ಥದ ಸಾಲು ಅಲ್ಲಿದ್ದರೆ ಅಷ್ಟಕ್ಕೇ ಕೆಳಗಿಡಬಹುದು. ಮಿಲ್ಕ್ ಸಾಲಿಡ್ಸ್, ವೇ, ಕೆಸೀನ್ ಇವೆಲ್ಲ ಹಾಲಿನ ಅಂಶಗಳೇ. ಕೆನೆ, ಚೀಸ್ ರುಚಿಯ ಚಿಪ್ಸ್‌ಗಳಲ್ಲಿ, ಹೆಚ್ಚಿನ ಬಿಸ್ಕತ್ತುಗಳಲ್ಲಿ ಇವು ಇರುತ್ತವೆ.

ಬೇಕರಿಯಲ್ಲಿ ಖಾರ, ಚಕ್ಕುಲಿ, ಕಡಲೆಬೀಜದ ಚಿಕ್ಕಿ ಸಾಮಾನ್ಯವಾಗಿ ಸರಿ. ಚಕ್ಕುಲಿಗೆ ಬೆಣ್ಣೆ ಹಾಕಿದ್ದಾರೆಯೇ, ಚಿಕ್ಕಿಗೆ ತುಪ್ಪ ಸವರಿದ್ದಾರೆಯೇ ಎಂದು ಮಾತ್ರ ಕೇಳಿ. ತರಕಾರಿ ಪಫ್ಸ್ ಮೇಲಿನ ಹೊಳಪು ಮೊಟ್ಟೆಯದ್ದಾಗಿರಬಹುದು. ಗೆಳೆಯರೊಂದಿಗೆ ದುರ್ಗಿಗುಡಿಯ ಕಡೆ ಸಂಜೆ ಹೋದಾಗ ಇಡ್ಲಿ-ವಡೆ, ಎಣ್ಣೆಯ ದೋಸೆ, ಮಂಡಕ್ಕಿ-ಮೆಣಸಿನಕಾಯಿ ಬಜ್ಜಿ ಸಾಕಷ್ಟಾಯಿತು. ಚಹಾದ ಅಂಗಡಿಯಲ್ಲಿ ಹಾಲಿಲ್ಲದ ಲಿಂಬು ಚಹಾ ಕೇಳಿ. ಕಷಾಯ ಕೇಳುವಾಗ ‘ಹಾಲು ಬೇಡ’ ಎಂದು ಮುಂಚೆಯೇ ಹೇಳಬೇಕು, ನಮ್ಮ ಕಡೆ ಅದಕ್ಕೂ ಹಾಲು ಬೆರೆಸುವುದೇ ರೂಢಿ.

8. ರಜೆಗೆ ಊರಿಗೆ ಹೋದಾಗ

ತೀರ್ಥಹಳ್ಳಿ, ಸಾಗರ, ಹೊಸನಗರದ ಹಳ್ಳಿಮನೆಗಳಲ್ಲಿ ಕೊಟ್ಟಿಗೆಯ ಹಸುವಿಗೆ ಹೆಸರಿರುತ್ತದೆ. ‘ನಮ್ಮನೆ ಗಿಡ್ಡಿಯ ಹಾಲಿಗೂ ಬೇಡವೇ?’ ಎಂದು ಅಜ್ಜಿ ಕೇಳಿದರೆ ಅದರ ಹಿಂದಿರುವುದು ನೋವು. ಊಟದ ಎಲೆಯ ಮುಂದೆ ಕೂತು ಅದಕ್ಕೆ ಉತ್ತರ ಕೊಡಲು ಹೋಗಬೇಡಿ. ಊರಿಗೆ ಹೊರಡುವ ಎರಡು ದಿನ ಮೊದಲೇ ಅಮ್ಮನಿಗೆ ಫೋನ್ ಮಾಡಿ, ಏನು ಬೇಡ ಎನ್ನುವ ಪಟ್ಟಿಯ ಬದಲು ಏನು ಬೇಕು ಎಂದು ಹೇಳಿ: ಪತ್ರೊಡೆ, ಕಳಲೆ ಪಲ್ಯ, ಹಲಸಿನಕಾಯಿ ಹುಳಿ, ಬಿಸಿ ಕಡುಬಿಗೆ ಕಾಯಿಚಟ್ನಿ, ಒತ್ತುಶಾವಿಗೆಗೆ ಬೆಲ್ಲ ಹಾಕಿದ ಕಾಯಿಹಾಲು. ಪೂಜೆಯ ಪಂಚಾಮೃತ, ಸಪಾದ ಭಕ್ಷ್ಯಗಳ ವಿಷಯದಲ್ಲಿ ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ಒಪ್ಪುವಂತೆ ನಿರ್ಧರಿಸಿಕೊಳ್ಳಬೇಕು. ನಾನು ಕೈಮುಗಿದು, ಹೂವನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಹಾಸ್ಟೆಲ್‌ಗೆ ಮರಳುವಾಗ ಮಿಡಿ ಉಪ್ಪಿನಕಾಯಿಯ ಜೊತೆಗೆ ಒಂದು ಸೇರು ಹುರುಳಿಕಾಳು, ಒಂದು ಡಬ್ಬಿ ಎಳ್ಳಿನ ಚಟ್ನಿಪುಡಿ ಕಟ್ಟಿಸಿಕೊಳ್ಳಿ. ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿಕೊಳ್ಳಲು ತುಪ್ಪದ ಬದಲು ಹಸಿ ಕೊಬ್ಬರಿ ಎಣ್ಣೆಯ ಒಂದು ಸಣ್ಣ ಬಾಟಲಿಯೂ ಚೀಲದಲ್ಲಿರಲಿ.